ವಾರಿಜ ಅವರನ್ನು ಕೇಳಿ

ಹೊಸ ಹುಡುಗ ಬಂದು ನಿಂತ, ಅಂಗೈಯಲ್ಲಿ ಫೋನು.
"ಬಿಸ್ಸಾವ್ ಹಡಗಿನ ಬೀಜ, ತೇವ ಹನ್ನೊಂದು ತೋರಿಸ್ತಾ ಉಂಟು.
ಬೇಯಿಸಲಿಕ್ಕೆ ಕೊಡುವುದಾ, ಪುನಃ ಅಂಗಳಕ್ಕೆ ಹಾಕುವುದಾ?
ಮಿತ್ರ ಹೇಳಿತು, ವಾರಿಜ ಅವರನ್ನು ಕೇಳಿ ಅಂತ."

ನಾನು ವಾರಿಜ. ಟೈಪು ಮಾಡುವವಳು.
ಗೇರುಬೀಜದ ಬಗ್ಗೆ ನನಗೆ ಗೊತ್ತಿರುವುದು
ಪಾಯಸಕ್ಕೆ ಎಷ್ಟು ಬೇಕು ಎಂಬುದು.

ಮಿತ್ರ ಅಂದರೆ, ದೀಪಾವಳಿ ಕಳೆದ ಮೇಲೆ
ಧಣಿಗಳ ಅಳಿಯ ತಂದು ಎಲ್ಲರ ಫೋನಿನಲ್ಲೂ ಕೂರಿಸಿದ್ದು.
ಏನು ಕೇಳಿದರೂ ಬೇಸರವಿಲ್ಲ ಅದಕ್ಕೆ,
ಗೊತ್ತಿಲ್ಲದಿದ್ದರೆ ಗೊತ್ತಿರುವವರ ಹೆಸರು ಕೊಡುತ್ತದೆ.

ಈ ವಾರ ಇವನು ಒಂಬತ್ತನೆಯವನು.
ಸೋಮವಾರ ಬಾಯ್ಲರಿನ ಐತಪ್ಪಣ್ಣ, ವಾಲ್ವು ಸೋರುತ್ತದೆಂದು.
ಮರುದಿನ ಕೊಲ್ಲಂನಿಂದ ಯಾರೋ, ಫೋನಿನಲ್ಲಿ,
ಹುಳಕ್ಕೆ ಹೊಗೆ ಹಾಕಿದರೆ ಎಷ್ಟು ದಿನ ಬಾಗಿಲು ತೆರೆಯಬಾರದೆಂದು.
"ನಿಮ್ಮ ಹೆಸರೇ ಬರ್ತದಲ್ಲ ಮೇಡಂ" ಎನ್ನುತ್ತಾರೆ,
ನಾನೇನೋ ಸೆರಗಿನಲ್ಲಿ ಕಟ್ಟಿ ಇಟ್ಟುಕೊಂಡ ಹಾಗೆ.

ಹದಿನೇಳು ವರ್ಷದ ಪತ್ರಗಳ ಬುಡದಲ್ಲಿ ನನ್ನ ಹೆಸರು.
ಹೇಳಿದ್ದು ಸೆವ್ರಿನ್ ಬಾಯಿ.
ಅಗೋ, ಆರು ಹೆಜ್ಜೆ ಆಚೆ, ಕುಲಶೇಖರದ ಇಳಿಜಾರು ಕಾಣುವ ಕಿಟಕಿಗೆ
ನೋಯುವ ಮೊಣಕಾಲು ಚಾಚಿ ಕೂತವರು.
ಒಂದು ಮುಷ್ಟಿ ಬೀಜ ಎತ್ತಿ ಕಿವಿಯ ಪಕ್ಕ ಕುಲುಕಿ
"ಇದು ಇನ್ನೂ ಮಾತಾಡುವುದಿಲ್ಲ ಮಾರಾಯ್ತಿ, ಎರಡು ಬಿಸಿಲು ಬೇಕು" ಎನ್ನುವರು.
ನಾನದನ್ನು
"ತೇವಾಂಶ ಅಧಿಕವಾಗಿರುವುದರಿಂದ ಎರಡು ದಿನ ಒಣಗಿಸತಕ್ಕದ್ದು"
ಎಂದು ಕುಟ್ಟುವೆ.
ಕುಲುಕಿದ ಸದ್ದು ಯಾವ ಕಡತಕ್ಕೂ ಹೋಗಲಿಲ್ಲ.
ಇಮೇಲು ಮಾಡಿಕೊಡುತ್ತೇನೆಂದರೆ
"ನನಗೆಂತಕ್ಕೆ? ಬಾಯಿ ಉಂಟಲ್ಲ" ಎಂದಿದ್ದರು.

ಮೊದಲು ಅವರ ಮೇಜಿನ ಮುಂದೆ ಸಾಲು.
ಚಾ ತಣ್ಣಗಾಗುತ್ತಿತ್ತು, ಕೆನೆ ಕಟ್ಟುತ್ತಿತ್ತು,
ಬೈಗುಳ ಬೀಳುತ್ತಿತ್ತು,
ಸಣ್ಣದು ಕೊಂಕಣಿಯಲ್ಲಿ, ದೊಡ್ಡದು ತುಳುವಿನಲ್ಲಿ.
ಈಗ ಬಿಸಿಬಿಸಿ ಕುಡಿಯುತ್ತಾರೆ.
"ಒಳ್ಳೆಯದೇ ಆಯಿತು" ಎನ್ನುತ್ತಾರೆ,
ಲೋಟದ ತಳ ನೋಡಿಕೊಂಡು.

ಮೊನ್ನೆ ಊಟದ ಹೊತ್ತು, ಯಾರೂ ಇರಲಿಲ್ಲ.
ನಾನೇ ಕೇಳಿದೆ ಮಿತ್ರನನ್ನು: ಸೆವ್ರಿನ್ ಲೋಬೊ ಯಾರು?
ಮೂರು ಚುಕ್ಕೆ ಕುಣಿದವು.
"ಆ ಹೆಸರಿನವರು ನಮ್ಮ ಸಂಸ್ಥೆಯಲ್ಲಿ ಕಂಡುಬರುತ್ತಿಲ್ಲ.
ಸೆಲ್ವಿನ್ ಲೋಬೊ, ವಾಹನ ವಿಭಾಗ, ಇವರೇ?
ಹೆಚ್ಚಿನ ಮಾಹಿತಿಗೆ ವಾರಿಜ ಅವರನ್ನು ಕೇಳಿ."

ಸೆಲ್ವಿನ್ ಕೆಲಸ ಬಿಟ್ಟು
ಫರಂಗಿಪೇಟೆಯಲ್ಲಿ ಕೋಳಿ ಅಂಗಡಿ ಇಟ್ಟು ಆರು ವರ್ಷ.
ನಗಬೇಕಿತ್ತು.
ಬಾಯಿಯನ್ನು ಕರೆದು ತೋರಿಸೋಣವೆಂದು ಕುರ್ಚಿ ಸರಿಸಿದವಳು
ಪರದೆ ಆರಿಸಿ, ಬುತ್ತಿ ಬಿಚ್ಚಿದೆ.

ಇವತ್ತು ಹುಡುಗನ ತೋಳು ಹಿಡಿದು ಆರು ಹೆಜ್ಜೆ ನಡೆಸಿದೆ.
ಅವನು ತಿರುತಿರುಗಿ ಫೋನು ನೋಡಿದ,
ದಾರಿ ತಪ್ಪಿದ ಆಟೋದಲ್ಲಿ ಕೂತವನ ಹಾಗೆ.
ಬಾಯಿ ಕೇಳಿದ್ದು ಒಂದೇ: "ಬೀಜ ಎಲ್ಲಿ?"
ಅಂಗಳಕ್ಕೆ ಓಡಿ ಮುಷ್ಟಿ ತುಂಬ ತಂದ.
ಅವರು ತಮ್ಮ ಕಿವಿಗೆ ಹಿಡಿಯಲಿಲ್ಲ.
ಅವನದೇ ಮುಷ್ಟಿ, ಅವನದೇ ಕಿವಿ, "ಕುಲುಕು."
"ಎಂತ ಹೇಳ್ತದೆ?"
"ಎಂತದೂ ಇಲ್ಲ."
"ಹಾಂ."

ಹುಡುಗ ನನ್ನ ಕಡೆ ತಿರುಗಿದ:
"ಮೇಡಂ, ಇದನ್ನು ಬರೆದು ಹಾಕಿಬಿಡಿ."
ಕುಟ್ಟಿದೆ. ಅಂಗಳ, ಎರಡು ಬಿಸಿಲು, ಕಿವಿ, ಎಲ್ಲ.
ಬುಡಕ್ಕೆ ಬಂದಾಗ ಬೆರಳು ನಿಂತಿತು.
ಹದಿನೇಳು ವರ್ಷ ಕರೆದ ಹೆಸರು, ಒಮ್ಮೆಯೂ ಬರೆದಿರಲಿಲ್ಲ.
"ಬಾಯೀ, ನಿಮ್ಮ ಪೂರ್ತಿ ಹೆಸರು ಎಂತದು?"

ಚಾ ಬಂದಿತ್ತು. ಅವರು ಲೋಟ ಮುಟ್ಟಲಿಲ್ಲ.
"ಮರಿಯಾದಿಂದ ಸುರು ಮಾಡು" ಎಂದರು,
"ಉದ್ದ ಉಂಟು."